ತೂಕ ಇಳಿಕೆಯ ಶಸ್ತ್ರಚಿಕಿತ್ಸೆ: ಆನಂತರದ ಊಟ, ಬಾಳು ಮತ್ತು ಮನೆಯವರ ಹೊಣೆ

'ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ' ಎಂಬ ಗಾದೆಯನ್ನು ಅರಿಯದ ಕನ್ನಡಿಗರಿಲ್ಲ. ಆದರೆ ಊಟವನ್ನು ಬಲ್ಲವರ ಸಂಖ್ಯೆ ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದ ವಯಸ್ಕರಲ್ಲಿ ನೂರಕ್ಕೆ ಸುಮಾರು 24 ಮಂದಿ ಮಹಿಳೆಯರೂ 23 ಮಂದಿ ಪುರುಷರೂ ಮಿತಿ ಮೀರಿದ ತೂಕ ಉಳ್ಳವರು. ಸ್ಥೂಲಕಾಯವು ಉಳ್ಳವರ ಮನೆಯ ಕಾಯಿಲೆ, ಪಟ್ಟಣದವರ ಕಾಯಿಲೆ ಎಂಬ ಮಾತು ಇಂದು ಸಲ್ಲದು.

ಚಾಮರಾಜನಗರ ಮತ್ತು ಗುಂಡ್ಲುಪೇಟೆಗಳ ನಡುವಣ ಹರವೆ ಹೋಬಳಿಯ ಹಳ್ಳಿಗಳನ್ನೇ ನೋಡಬಹುದು. ಜೋಳ, ರಾಗಿ, ಹುರುಳಿ, ಅರಿಶಿನ ಬೆಳೆಯುವ ಈ ಸೀಮೆಯಲ್ಲಿ ಹಿಂದೆ ಹೊಲದ ಕಾಯಕವೇ ದೇಹದಂಡನೆಯಾಗಿತ್ತು. ಉಂಡದ್ದು ಸಂಜೆಯೊಳಗೆ ಕರಗುತ್ತಿತ್ತು. ಈಗ ಉಳುವುದಕ್ಕೆ ಟ್ರ್ಯಾಕ್ಟರು, ಓಡಾಟಕ್ಕೆ ಮೋಟಾರು ಬೈಕು ಬಂದಿವೆ. ತಟ್ಟೆಯಲ್ಲಿ ರಾಗಿ ಜೋಳಗಳ ಸ್ಥಾನವನ್ನು ಬಹುಮಟ್ಟಿಗೆ ಪಾಲಿಶ್ ಮಾಡಿದ ಅಕ್ಕಿ ಆಕ್ರಮಿಸಿದೆ. ಊಟ ಹಾಗೆಯೇ ಉಳಿದು ಕಾಯಕ ಕಡಿಮೆಯಾದರೆ ದೇಹ ಬೆಳೆಯದೆ ಇರುವುದೇ? ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮಂಡಿನೋವುಗಳಿಂದ ಬಳಲಿ, ಪಥ್ಯ ವ್ಯಾಯಾಮಗಳಿಂದ ಫಲ ಕಾಣದೆ, ಕೊನೆಗೆ ಮೈಸೂರು, ಬೆಂಗಳೂರುಗಳ ಆಸ್ಪತ್ರೆಗಳಲ್ಲಿ ತೂಕ ಇಳಿಕೆಯ ಶಸ್ತ್ರಚಿಕಿತ್ಸೆಗೆ ಒಳಗಾಗುವವರು ಇಂದು ಎಲ್ಲ ಸಮಾಜಗಳಲ್ಲಿಯೂ ಇದ್ದಾರೆ. ಶಸ್ತ್ರಚಿಕಿತ್ಸೆ ಕೆಲವು ಗಂಟೆಗಳಲ್ಲಿ ಮುಗಿಯುತ್ತದೆ. ಆನಂತರದ ಊಟ ಮತ್ತು ಬಾಳು ಮಾತ್ರ ಜೀವಮಾನದ ವಿಷಯ. ಅದರಲ್ಲಿ ರೋಗಿಯ ಹೊಣೆ ಎಷ್ಟೋ, ಬಡಿಸುವ ಕೈಗಳ ಹೊಣೆಯೂ ಅಷ್ಟೇ.

ಶಸ್ತ್ರಚಿಕಿತ್ಸೆಯ ಸ್ವರೂಪ

ಈ ಚಿಕಿತ್ಸೆ ಹೊಸದೇನಲ್ಲ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಡಾ. ಎಡ್ವರ್ಡ್ ಮೇಸನ್ ಅವರು 1966ರಲ್ಲಿಯೇ ಗ್ಯಾಸ್ಟ್ರಿಕ್ ಬೈಪಾಸ್ ಎಂಬ ವಿಧಾನವನ್ನು ಆರಂಭಿಸಿದರು. ನಮ್ಮ ದೇಶದಲ್ಲಿ 2011ರಲ್ಲಿ ನಿತಿನ್ ಗಡ್ಕರಿ, 2014ರಲ್ಲಿ ಅರುಣ್ ಜೇಟ್ಲಿ ಅವರು ತೂಕ ಇಳಿಕೆಯ ಶಸ್ತ್ರಚಿಕಿತ್ಸೆಗೆ ಒಳಗಾದಾಗ ಪತ್ರಿಕೆಗಳಲ್ಲಿ ಇದರ ಹೆಸರು ಹೆಚ್ಚಾಗಿ ಕೇಳಿಬಂದಿತು.

ಇಂದು ಮುಖ್ಯವಾಗಿ ಎರಡು ವಿಧಾನಗಳು ಬಳಕೆಯಲ್ಲಿವೆ. ಸ್ಲೀವ್ ಗ್ಯಾಸ್ಟ್ರೆಕ್ಟಮಿಯಲ್ಲಿ ಜಠರದ ಮುಕ್ಕಾಲು ಪಾಲಿಗೂ ಹೆಚ್ಚು ಭಾಗವನ್ನು ತೆಗೆದುಹಾಕಿ, ಬಾಳೆಕಾಯಿಯ ಆಕಾರದ ಒಂದು ಕಿರಿದಾದ ನಳಿಕೆಯನ್ನು ಮಾತ್ರ ಉಳಿಸುತ್ತಾರೆ. 1999ರಲ್ಲಿ ಜಪಾನಿನ ವಿಜ್ಞಾನಿಗಳು ಗುರುತಿಸಿದ, ಹಸಿವನ್ನು ಕೆರಳಿಸುವ ಘ್ರೆಲಿನ್ ಎಂಬ ರಸದೂತವು ಬಹುಪಾಲು ಉತ್ಪತ್ತಿಯಾಗುವುದು ಹೀಗೆ ತೆಗೆದ ಭಾಗದಲ್ಲಿಯೇ. ಆದುದರಿಂದ ಹೊಟ್ಟೆಯೊಡನೆ ಹಸಿವೂ ಕುಗ್ಗುತ್ತದೆ. ಗ್ಯಾಸ್ಟ್ರಿಕ್ ಬೈಪಾಸ್‌ನಲ್ಲಿ ಜಠರದ ಮೇಲ್ಭಾಗದಲ್ಲಿ ಸುಮಾರು 30 ಮಿಲಿಲೀಟರ್, ಅಂದರೆ ಎರಡು ದೊಡ್ಡ ಚಮಚದಷ್ಟು ಹಿಡಿಯುವ ಚೀಲವನ್ನು ರಚಿಸಿ, ಅದನ್ನು ಸಣ್ಣ ಕರುಳಿನ ಮುಂದಿನ ಭಾಗಕ್ಕೆ ಜೋಡಿಸುತ್ತಾರೆ. ಎರಡೂ ದೊಡ್ಡ ಗಾಯವಿಲ್ಲದೆ, ಸಣ್ಣ ರಂಧ್ರಗಳ ಮೂಲಕ ದೂರದರ್ಶಕ ನಳಿಕೆಯ ಸಹಾಯದಿಂದ ನಡೆಯುತ್ತವೆ.

ಇದನ್ನು ಚರ್ಮದ ಅಡಿಯ ಕೊಬ್ಬನ್ನು ಹೀರಿ ತೆಗೆಯುವ ಸೌಂದರ್ಯ ಚಿಕಿತ್ಸೆಯೊಡನೆ ಬೆರೆಸಬಾರದು. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಿರುತೆರೆಯ ಯುವ ನಟಿ ಚೇತನಾ ರಾಜ್ ಅವರು ಕೊಬ್ಬು ತೆಗೆಸುವ ಚಿಕಿತ್ಸೆಯ ಬಳಿಕ ಅಸುನೀಗಿದ ದುಃಖದ ವಾರ್ತೆಯನ್ನು ಓದುಗರು ಮರೆತಿರಲಾರರು. ಆ ಚಿಕಿತ್ಸೆ ಬೇರೆ, ಇದು ಬೇರೆ. ಇದು ರೂಪಕ್ಕಾಗಿ ಮಾಡುವುದಲ್ಲ, ರೋಗಕ್ಕಾಗಿ ಮಾಡುವುದು. ಕಿಲೋಗ್ರಾಂ ತೂಕವನ್ನು ಮೀಟರಿನಲ್ಲಿ ಅಳೆದ ಎತ್ತರದ ವರ್ಗದಿಂದ ಭಾಗಿಸಿದಾಗ ಬರುವ ಅಂಕಿ 37.5ನ್ನು ಮೀರಿದವರಿಗೆ, ಅಥವಾ 32.5ನ್ನು ಮೀರಿದ್ದು ಜೊತೆಗೆ ಸಕ್ಕರೆ ಕಾಯಿಲೆಯಂತಹ ತೊಂದರೆ ಇದ್ದವರಿಗೆ ಇದನ್ನು ಸೂಚಿಸುವುದು ನಮ್ಮ ದೇಶದಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ. 160 ಸೆಂಟಿಮೀಟರ್ ಎತ್ತರದವರಿಗೆ ಇದು ಕ್ರಮವಾಗಿ 96 ಮತ್ತು 83 ಕಿಲೋ ಆಗುತ್ತದೆ. 2022ರಲ್ಲಿ ಅಂತಾರಾಷ್ಟ್ರೀಯ ತಜ್ಞರ ಸಂಘಗಳು ಈ ಮಿತಿಯನ್ನು ಇನ್ನೂ ಇಳಿಸಿವೆ. ಯಾರಿಗೆ ಯಾವುದು ಯೋಗ್ಯವೆಂಬುದನ್ನು ನಿರ್ಧರಿಸಬೇಕಾದವರು ವೈದ್ಯರೇ ಹೊರತು ನೆಂಟರಿಷ್ಟರಲ್ಲ.

ಮೊದಲ ಎರಡು ತಿಂಗಳು

ಶಸ್ತ್ರಚಿಕಿತ್ಸೆಯ ಬಳಿಕ ಊಟವು ಶಿಶುವಿನ ಊಟದಂತೆ ಹಂತಹಂತವಾಗಿ ಮುಂದುವರಿಯಬೇಕು. ಮೊದಲು ಗುಟುಕು ಗುಟುಕಾಗಿ ನೀರು, ಎಳನೀರು, ಸೋಸಿದ ಬೇಳೆಕಟ್ಟು. ಅನಂತರ ಸುಮಾರು ಎರಡು ವಾರ ಹಾಲು, ಮಜ್ಜಿಗೆ, ನುಣುಪಾದ ರಾಗಿ ಅಂಬಲಿಯಂತಹ ದ್ರವಾಹಾರ. ಮೂರು, ನಾಲ್ಕನೆಯ ವಾರಗಳಲ್ಲಿ ನುಣ್ಣಗೆ ಕಡೆದ ಬೇಳೆ, ಮಸ್ಸೊಪ್ಪು, ಹೆಸರುಬೇಳೆಯ ತೆಳು ಪೊಂಗಲ್. ಆಮೇಲೆ ಇಡ್ಲಿ, ಬೇಯಿಸಿದ ತರಕಾರಿ, ಮೆದು ಪನೀರು. ಆರರಿಂದ ಎಂಟು ವಾರಗಳ ನಂತರ ಸಾಮಾನ್ಯ ಆಹಾರ, ಅದೂ ಬಟ್ಟಲಿನ ಲೆಕ್ಕದಲ್ಲಿ. ಆಸ್ಪತ್ರೆಯಿಂದ ಆಸ್ಪತ್ರೆಗೆ ದಿನಗಳ ಲೆಕ್ಕದಲ್ಲಿ ಸ್ವಲ್ಪ ವ್ಯತ್ಯಾಸವಿರುವುದರಿಂದ ತಮ್ಮ ವೈದ್ಯರು ಬರೆದುಕೊಟ್ಟ ಪಟ್ಟಿಯನ್ನೇ ಅನುಸರಿಸತಕ್ಕದ್ದು.

ನೀರನ್ನು ಊಟದ ಜೊತೆಗೆ ಕುಡಿಯದೆ, ಊಟವಾದ ಅರ್ಧ ಗಂಟೆಯ ಬಳಿಕ ಕುಡಿಯಬೇಕು. ದಿನಕ್ಕೆ ಒಂದೂವರೆ ಲೀಟರಿಗೆ ಕಡಿಮೆಯಾಗದಂತೆ ನೋಡಿಕೊಳ್ಳಬೇಕು. ಚಿಕ್ಕ ಹೊಟ್ಟೆಯವರು ಚೊಂಬೆತ್ತಿ ಗಟಗಟನೆ ಕುಡಿಯಲಾರರು. ಆದುದರಿಂದ ನೀರಿನ ಲೋಟ ದಿನವಿಡೀ ಅವರ ಕೈಗೆ ಎಟುಕುವಂತಿರಲಿ.

ಮುದ್ದೆಯನ್ನು ನುಂಗುವ ನಾಡಿನಲ್ಲಿ

ನಮ್ಮ ಸೀಮೆಯಲ್ಲಿ ಮುದ್ದೆಯನ್ನು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತೇವೆ. ಅಗಿದರೆ ನಗುವವರೂ ಉಂಟು. ಶಸ್ತ್ರಚಿಕಿತ್ಸೆಯಾದವರಿಗೆ ಈ ಒಂದು ಅಭ್ಯಾಸವೇ ದೊಡ್ಡ ಅಡ್ಡಿ. ಇಪ್ಪತ್ತು ಮೂವತ್ತು ಸಲ ಅಗಿದು ನೀರಾಗಿಸಿದ ತುತ್ತು ಮಾತ್ರ ಕಿರಿದಾದ ದಾರಿಯಲ್ಲಿ ಸರಾಗವಾಗಿ ಇಳಿಯುತ್ತದೆ. ಅಂಟಾದ ಹಿಟ್ಟಿನ ಉಂಡೆ ಸಿಕ್ಕಿಕೊಂಡರೆ ಎದೆಯಲ್ಲಿ ಒತ್ತಡ, ನೋವು, ವಾಂತಿ ಉಂಟಾಗುತ್ತವೆ. ಹಾಗೆಂದು ರಾಗಿಯನ್ನೇ ಬಿಡಬೇಕಾಗಿಲ್ಲ. ಮೊದಲು ಅಂಬಲಿಯಾಗಿ, ತಿಂಗಳುಗಳ ನಂತರ ತೆಳ್ಳನೆಯ ರೊಟ್ಟಿಯಾಗಿ ಚೆನ್ನಾಗಿ ಅಗಿದು ತಿನ್ನಬಹುದು. ಒಂದು ಊಟಕ್ಕೆ ಇಪ್ಪತ್ತರಿಂದ ಮೂವತ್ತು ನಿಮಿಷ ಹಿಡಿಯಬೇಕು. 'ಸಾಕು' ಎಂಬ ಸೂಚನೆ ಬಂದ ಮೇಲೆ ಒಂದು ತುತ್ತನ್ನೂ ಮುಟ್ಟಬಾರದು.

ಸಿಹಿಯ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಬೈಪಾಸ್ ಆದವರು ಹೋಳಿಗೆ, ಪಾಯಸ, ಪಾನಕಗಳನ್ನು ಸೇವಿಸಿದರೆ ಸಕ್ಕರೆಯು ಒಮ್ಮೆಲೇ ಸಣ್ಣ ಕರುಳಿಗೆ ನುಗ್ಗಿ, ಅರ್ಧ ಗಂಟೆಯೊಳಗೆ ಬೆವರು, ಎದೆಬಡಿತ, ಹೊಟ್ಟೆ ನುಲಿತ, ಭೇದಿ ಕಾಣಿಸಬಹುದು. ಇದಕ್ಕೆ ಡಂಪಿಂಗ್ ಎನ್ನುತ್ತಾರೆ. ಬೆಲ್ಲವು ಸಕ್ಕರೆಗಿಂತ ಒಳ್ಳೆಯದೆಂದು ಭಾವಿಸಿ ಕೊಡುವುದೂ ತಪ್ಪು. ಈ ವಿಷಯದಲ್ಲಿ ಎರಡೂ ಒಂದೇ.

ಸಸ್ಯಾಹಾರಿ ಮನೆಗಳ ವಿಶೇಷ ಎಚ್ಚರ

ಶಸ್ತ್ರಚಿಕಿತ್ಸೆಯಾದವರಿಗೆ ದಿನಕ್ಕೆ 60ರಿಂದ 80 ಗ್ರಾಂ ಸಸಾರಜನಕ, ಅಂದರೆ ಪ್ರೋಟೀನ್ ಬೇಕು. ಅನ್ನ ಸಾರಿನ ಊಟದಿಂದ ಇದು ಒದಗುವುದಿಲ್ಲ. ಅರ್ಧ ಲೀಟರ್ ಹಾಲಿನಲ್ಲಿ ಸುಮಾರು 16 ಗ್ರಾಂ, 50 ಗ್ರಾಂ ಪನೀರಿನಲ್ಲಿ 9 ಗ್ರಾಂ, 50 ಗ್ರಾಂ ಒಣ ಬೇಳೆ ಅಥವಾ ಹುರುಳಿಯಲ್ಲಿ 11 ಗ್ರಾಂ, 25 ಗ್ರಾಂ ಸೋಯಾ ಉಂಡೆಗಳಲ್ಲಿ 13 ಗ್ರಾಂ, ಒಂದು ದೊಡ್ಡ ಬಟ್ಟಲು ಮೊಸರಿನಲ್ಲಿ 6 ಗ್ರಾಂ ದೊರೆಯುತ್ತದೆ. ಎಲ್ಲವನ್ನೂ ಕೂಡಿಸಿದರೂ 55 ಗ್ರಾಂ ಮಾತ್ರ. ಮೊದಲ ತಿಂಗಳುಗಳಲ್ಲಿ ಇಷ್ಟನ್ನೂ ತಿನ್ನುವುದು ಸಾಧ್ಯವಾಗದು. ಆದುದರಿಂದ ವೈದ್ಯರು ಪ್ರೋಟೀನ್ ಪುಡಿಯನ್ನು ಬರೆದುಕೊಟ್ಟರೆ ಅದನ್ನು ದುಂದುವೆಚ್ಚವೆಂದು ಬಗೆಯಬಾರದು. ತಟ್ಟೆಯಲ್ಲಿ ಮೊದಲು ಬೇಳೆ ಪನೀರು, ಆಮೇಲೆ ತರಕಾರಿ, ಕೊನೆಗೆ ಜಾಗವಿದ್ದರೆ ಅನ್ನ ಎಂಬ ಕ್ರಮವನ್ನು ರೂಢಿಸಿಕೊಳ್ಳಬೇಕು.

ಬಿ-12 ಜೀವಸತ್ವದ ಮಾತಂತೂ ಮುಖ್ಯ. ಸಸ್ಯಾಹಾರಿಗಳಿಗೆ ಅದು ದೊರೆಯುವುದು ಹಾಲು ಮೊಸರುಗಳಿಂದ ಮಾತ್ರ. ಅದನ್ನು ಹೀರಿಕೊಳ್ಳಲು ಬೇಕಾದ ದ್ರವ್ಯವು ಜಠರದಲ್ಲಿಯೇ ಉತ್ಪತ್ತಿಯಾಗುತ್ತದೆ. ಜಠರವನ್ನು ಕಿರಿದು ಮಾಡಿದ ಮೇಲೆ ಈ ಏರ್ಪಾಡೂ ಕುಂದುತ್ತದೆ. ಯಕೃತ್ತಿನಲ್ಲಿ ಹಳೆಯ ದಾಸ್ತಾನು ಇರುವುದರಿಂದ ಕೊರತೆ ಕೂಡಲೇ ಗೊತ್ತಾಗುವುದಿಲ್ಲ. ಒಂದೆರಡು ವರ್ಷಗಳ ಬಳಿಕ ಕೈಕಾಲು ಜೋಮು, ನಿಶ್ಶಕ್ತಿ, ಮರೆವು ಕಾಣಿಸಿಕೊಳ್ಳುತ್ತವೆ. ರಾಗಿಯಲ್ಲಿ ಸುಣ್ಣದ ಅಂಶ ಹೇರಳವೆಂಬುದು ನಿಜ. ಆದರೂ 100 ಗ್ರಾಂ ರಾಗಿಯಲ್ಲಿ ಇರುವುದು ಸುಮಾರು 350 ಮಿಲಿಗ್ರಾಂ, ಇವರಿಗೆ ದಿನಕ್ಕೆ ಬೇಕಾದದ್ದು 1200ರಿಂದ 1500 ಮಿಲಿಗ್ರಾಂ. ಆದುದರಿಂದ ಬಿ-12, ಸುಣ್ಣ, ಕಬ್ಬಿಣ, ಡಿ ಜೀವಸತ್ವಗಳ ಮಾತ್ರೆಗಳು ಜೀವಮಾನವಿಡೀ ಬೇಕು. ಕಬ್ಬಿಣದ ಮಾತ್ರೆಯನ್ನು ಕಾಫಿ ಚಹಾಗಳೊಡನೆ ನುಂಗಬಾರದು. ಸುಣ್ಣದ ಮಾತ್ರೆಗೂ ಅದಕ್ಕೂ ಎರಡು ಗಂಟೆಯ ಅಂತರವಿರಬೇಕು. ಮೈ ಹಗುರವಾಯಿತು, ಇನ್ನು ಮಾತ್ರೆ ಏಕೆ ಎಂಬ ಉದಾಸೀನವೇ ಮುಂದೆ ಮುಳುವಾಗುತ್ತದೆ.

ಪಂಕ್ತಿ, ಪ್ರಸಾದ ಮತ್ತು ಉಪಚಾರ

ಇಲ್ಲಿ ನಮ್ಮ ಸಮಾಜದ ಕುಟುಂಬಗಳು ವಿಚಾರ ಮಾಡಬೇಕಾದ ಒಂದು ಸಂಗತಿ ಇದೆ. ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದು. ಎಲೆಯಲ್ಲಿ ಒಂದು ಅಗುಳನ್ನೂ ಚೆಲ್ಲಬಾರದೆಂಬುದು ನಾವು ಮಕ್ಕಳಿಗೆ ಕಲಿಸುವ ಮೊದಲ ಪಾಠ. ಇನ್ನೊಂದೆಡೆ, ಬೇಡವೆಂದವರ ಎಲೆಗೂ ಬಲವಂತದಿಂದ ಇನ್ನೊಂದು ಹೋಳಿಗೆ ಹಾಕುವುದೇ ಉಪಚಾರವೆಂದು ಬಗೆದಿದ್ದೇವೆ. ಈ ಎರಡರ ನಡುವೆ ಸಿಕ್ಕಿದವನು ಚಿಕ್ಕ ಹೊಟ್ಟೆಯವನು. ಉಂಡರೆ ವಾಂತಿ, ಬಿಟ್ಟರೆ ಪ್ರಸಾದಕ್ಕೆ ಅಪಚಾರವೆಂಬ ಅಳುಕು. ಹೀಗಾಗಿ ಮದುವೆ, ಗೃಹಪ್ರವೇಶ, ಜಾತ್ರೆಗಳಿಗೆ ಹೋಗುವುದನ್ನೇ ಬಿಟ್ಟು ಮನೆಯಲ್ಲಿ ಉಳಿಯುವ ಪ್ರಸಂಗ ಬರುತ್ತದೆ. ದೇಹ ಹಗುರವಾದರೂ ಮನುಷ್ಯ ಒಂಟಿಯಾಗುತ್ತಾನೆ.

ಪರಿಹಾರ ಕಠಿಣವಲ್ಲ. ಪ್ರಸಾದಕ್ಕೆ ಪ್ರಮಾಣದ ಕಟ್ಟಿಲ್ಲ. ಭಕ್ತಿಯಿಂದ ಸ್ವೀಕರಿಸಿದ ಒಂದು ಚಮಚವೂ ಪೂರ್ಣ ಪ್ರಸಾದವೇ. ಮಲೆ ಮಹದೇಶ್ವರ ಬೆಟ್ಟದ ದಾಸೋಹವಾಗಲಿ, ಸುತ್ತೂರು ಜಾತ್ರೆಯ ಪಂಕ್ತಿಯಾಗಲಿ, ಊರ ಮಠದ ಊಟವಾಗಲಿ, ಬಡಿಸುವ ಮೊದಲೇ 'ಸ್ವಲ್ಪವೇ ಸಾಕು' ಎಂದು ಕೈಯೊಡ್ಡಿ ಹೇಳುವವರ ಮಾತನ್ನು ಬಡಿಸುವವರು ಮನ್ನಿಸಬೇಕು. ಚೆಲ್ಲಬಾರದೆಂಬ ನಿಯಮದ ನಿಜವಾದ ಪಾಲನೆ ಕಡಿಮೆ ಬಡಿಸಿಕೊಳ್ಳುವುದರಲ್ಲಿದೆಯೇ ಹೊರತು, ಬಡಿಸಿದ್ದನ್ನೆಲ್ಲ ಹೊಟ್ಟೆಗೆ ತುರುಕುವುದರಲ್ಲಿ ಇಲ್ಲ. ನಿತ್ಯವೂ ಸಾವಿರಾರು ಮಕ್ಕಳಿಗೆ ಅನ್ನ ದಾಸೋಹ ನಡೆಸಿ 2019ರಲ್ಲಿ ಶಿವೈಕ್ಯರಾದ ಸಿದ್ಧಗಂಗೆಯ ಡಾ. ಶಿವಕುಮಾರ ಸ್ವಾಮಿಗಳವರು ತಾವು ಮಾತ್ರ ಅತ್ಯಂತ ಮಿತಾಹಾರಿಗಳಾಗಿದ್ದರು. ಉಣಿಸುವುದರಲ್ಲಿ ಔದಾರ್ಯ, ಉಣ್ಣುವುದರಲ್ಲಿ ಮಿತಿ ಎಂಬ ಮಾರ್ಗ ನಮಗೆ ಅಪರಿಚಿತವೇನಲ್ಲ.

ಶಿವರಾತ್ರಿಯ ಉಪವಾಸ, ಶ್ರಾವಣ ಸೋಮವಾರದ ವ್ರತಗಳನ್ನು ವೈದ್ಯರನ್ನು ಕೇಳದೆ ಹಿಡಿಯಬಾರದು. ನೀರನ್ನೂ ಬಿಟ್ಟು ಮಾಡುವ ಉಪವಾಸವು ಮೊದಲ ವರ್ಷದಲ್ಲಿ ಅಪಾಯಕರ.

ಮನಸ್ಸಿನ ಹೊಂದಾಣಿಕೆ

ಒಂದು, ಒಂದೂವರೆ ವರ್ಷದಲ್ಲಿ ಒಟ್ಟು ತೂಕದ ಕಾಲು ಭಾಗದಷ್ಟು ಇಳಿಯುವುದು ಸಾಮಾನ್ಯ. ಮೂರರಿಂದ ಆರನೆಯ ತಿಂಗಳ ನಡುವೆ ಕೂದಲು ಉದುರುತ್ತದೆ, ಬಹುತೇಕ ಮಂದಿಗೆ ಅದು ಮರಳಿ ಬರುತ್ತದೆ. ಚರ್ಮ ಜೋಲು ಬೀಳುತ್ತದೆ. ಆಗ ಕೇಳಿಬರುವ 'ಏನು ಹೀಗೆ ಇಳಿದುಹೋದೆ, ದೊಡ್ಡ ಕಾಯಿಲೆಯೇ?' ಎಂಬ ಮಾತು ಈಟಿಯಂತೆ ನಾಟುತ್ತದೆ. ಹಿಂದೆ 'ದಪ್ಪ' ಎಂದು ಆಡಿದ್ದ ನಾಲಿಗೆಯೇ ಈಗ 'ಸೊರಗಿದೆ' ಎಂದು ಆಡುತ್ತದೆ. ದುಃಖ ಬೇಸರಗಳಿಗೆ ಊಟವನ್ನೇ ಸಾಂತ್ವನ ಮಾಡಿಕೊಂಡಿದ್ದವರಿಗೆ ಆ ಆಸರೆಯೂ ತಪ್ಪಿರುತ್ತದೆ. ಅವರಿಗೆ ಆಗ ಬೇಕಾದದ್ದು ಸಂಜೆಯ ನಡಿಗೆಗೆ ಒಬ್ಬ ಜೊತೆಗಾರ, ಕೇಳಿಸಿಕೊಳ್ಳುವ ಒಂದು ಕಿವಿ.

ಮದುವೆಯ ಸಂಬಂಧ ಕೂಡಿಬರಲೆಂದು ಹೆಣ್ಣುಮಕ್ಕಳನ್ನು ಈ ಚಿಕಿತ್ಸೆಗೆ ಒತ್ತಾಯಿಸುವುದು ಸರಿಯಲ್ಲ. ಚಿಕಿತ್ಸೆಯಾದ ಬಳಿಕ 12ರಿಂದ 18 ತಿಂಗಳು ಗರ್ಭಧಾರಣೆಯನ್ನು ಮುಂದೂಡಬೇಕೆಂಬುದನ್ನು ಅತ್ತೆಯ ಮನೆಯವರೂ ಅರಿತಿರಬೇಕು. ತೂಕ ಇಳಿದಂತೆ ಗರ್ಭ ನಿಲ್ಲುವ ಸಂಭವ ಹೆಚ್ಚುವುದರಿಂದ ಈ ಎಚ್ಚರ ಅಗತ್ಯ.

ಹಳ್ಳಿಯಲ್ಲಿರುವವರಿಗೆ ಕೆಲವು ಸೂಚನೆಗಳು

ಶಸ್ತ್ರಚಿಕಿತ್ಸೆಯ ವಿವರದ ಕಾಗದ ಸದಾ ಮನೆಯಲ್ಲಿರಲಿ. ಹತ್ತಿರದ ವೈದ್ಯರಿಗೆ ಅದನ್ನು ಮೊದಲೇ ತೋರಿಸಿರಬೇಕು. ಮೈಕೈ ನೋವಿಗೆ ಅಂಗಡಿಯ ಗುಳಿಗೆಯನ್ನು ನುಂಗುವ ಅಭ್ಯಾಸ ಬೇಡ. ಹಲವು ನೋವಿನ ಗುಳಿಗೆಗಳು ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ. ಸಕ್ಕರೆ ಕಾಯಿಲೆಯವರಿಗೆ ಔಷಧದ ಅಗತ್ಯ ಬೇಗನೆ ಇಳಿಯುವುದರಿಂದ ಹಳೆಯ ಪ್ರಮಾಣವನ್ನೇ ಮುಂದುವರಿಸದೆ ವೈದ್ಯರನ್ನು ಕಾಣಬೇಕು. ಮೊದಲ ವಾರಗಳಲ್ಲಿ ಜ್ವರ, ಎದೆಬಡಿತ, ಹೊಟ್ಟೆನೋವು ಕಾಣಿಸಿದರೆ ಬೆಳಗಿನವರೆಗೂ ಕಾಯಬಾರದು. ವಾಂತಿ ಎರಡು ಮೂರು ದಿನ ನಿಲ್ಲದಿದ್ದರೆ ಬಿ-1 ಜೀವಸತ್ವ ಬರಿದಾಗಿ ನರಗಳಿಗೆ ಹಾನಿಯಾಗಬಹುದು. ಅಂಥವರಿಗೆ ಗ್ಲೂಕೋಸ್ ಹಾಕುವ ಮೊದಲು ಶಸ್ತ್ರಚಿಕಿತ್ಸೆಯ ವಿಷಯವನ್ನು ವೈದ್ಯರಿಗೆ ತಿಳಿಸಲೇಬೇಕು. ಮೂರು, ಆರು, ಹನ್ನೆರಡನೆಯ ತಿಂಗಳಲ್ಲಿಯೂ ಆಮೇಲೆ ವರ್ಷಕ್ಕೊಮ್ಮೆಯೂ ರಕ್ತಪರೀಕ್ಷೆ ತಪ್ಪಬಾರದು.

ಶಸ್ತ್ರವೈದ್ಯರು ಕಿರಿದು ಮಾಡಬಲ್ಲದ್ದು ಜಠರವನ್ನು ಮಾತ್ರ. ಅಭ್ಯಾಸವನ್ನು ತಿದ್ದಿಕೊಳ್ಳಬೇಕಾದವರು ನಾವು. ತಿದ್ದದಿದ್ದರೆ ಕೆಲವು ವರ್ಷಗಳಲ್ಲಿ ತೂಕ ಮರಳಿ ಬರುವುದುಂಟು. ನಮ್ಮ ತಾಯಂದಿರು, ಅಕ್ಕತಂಗಿಯರು ಬಲವಂತದ ಒಂದು ಸೌಟನ್ನು ಹಿಂದಕ್ಕೆ ತೆಗೆದುಕೊಂಡು, 'ಇಷ್ಟು ಸಾಕೇ?' ಎಂದು ಕೇಳಿ ಬಡಿಸುವುದನ್ನು ರೂಢಿಸಿಕೊಂಡರೆ, ಅದು ಚಿಕಿತ್ಸೆಯಾದ ಒಬ್ಬರಿಗಷ್ಟೇ ಅಲ್ಲ, ಇಡೀ ಮನೆಯ ಆರೋಗ್ಯಕ್ಕೂ ಹಿತವಾದೀತು.