ಮಲ್ಲಿಗೆಯ ಆಚೆಗಿನ ಕೆ.ಎಸ್.ನ.

ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ 1915ರ ಜನವರಿ 26ರಂದು ಹುಟ್ಟಿದ ಕವಿ ಕೆ.ಎಸ್. ನರಸಿಂಹಸ್ವಾಮಿ ಅವರನ್ನು ಕನ್ನಡಿಗರು ಓದಿದ್ದಕ್ಕಿಂತ ಕೇಳಿದ್ದೇ ಹೆಚ್ಚು. 1942ರಲ್ಲಿ ಬಂದ ಅವರ ಕವನ ಸಂಕಲನ ‘ಮೈಸೂರು ಮಲ್ಲಿಗೆ’ಯ ಗೀತೆಗಳನ್ನು ಮೈಸೂರು ಅನಂತಸ್ವಾಮಿ, ಸಿ. ಅಶ್ವಥ್ ಅಂಥ ಗಾಯಕರು ರೇಡಿಯೊ, ಕ್ಯಾಸೆಟ್‌ಗಳ ಮೂಲಕ ಮನೆಮನೆಗೆ ಮುಟ್ಟಿಸಿದರು. ಟಿ.ಎಸ್. ನಾಗಾಭರಣ ಅವರು ಅದೇ ಹೆಸರಿನಲ್ಲಿ ತೆಗೆದ ಚಿತ್ರದ ಗೀತೆಗಳಿಗಾಗಿ ಕವಿಗೆ ರಾಷ್ಟ್ರಪ್ರಶಸ್ತಿಯೂ ಸಂದಿತು.

ಆದರೆ ಈ ಪ್ರೀತಿ ಒಂದೇ ಸಂಕಲನದ ಸುತ್ತ ನಿಂತುಬಿಟ್ಟಿತು. 1958ರ ‘ಶಿಲಾಲತೆ’ಯ ಹೊತ್ತಿಗೇ ಕವಿ ಬದಲಾಗಿದ್ದರು. ಹೊಸ ಮದುವೆಯ ಸಂಭ್ರಮ ಹಿಂದೆ ಸರಿದು ನಗರದ ಬದುಕು, ಸಾಲದ ಸಂಬಳ, ಕಾಲದ ಭಯ ಮುಂದೆ ಬಂದವು. ಪ್ರಾಸ ಸಡಿಲಾಗಿ ನಡೆ ಮಾತಿಗೆ ಹತ್ತಿರವಾಯಿತು. ಹಳೆಯ ರಸಿಕರಿಗೆ ಇದು ರುಚಿಸಲಿಲ್ಲ. ‘ಹಾಡೋಕೆ ಬರೋಲ್ಲ’ ಎಂಬುದೇ ಅವರ ಮುಖ್ಯ ದೂರು. ನವ್ಯ ಕಾವ್ಯದ ಕಡೆಯವರಿಗೋ ಅವರು ಇನ್ನೂ ಮಲ್ಲಿಗೆಯ ಕವಿಯೇ. ಆ ಕಡೆಯ ಕವಿ ಗೋಪಾಲಕೃಷ್ಣ ಅಡಿಗರ ‘ಪುಷ್ಪಕವಿಯ ಪರಾಕು’ ಕೆ.ಎಸ್.ನ. ಅವರನ್ನೇ ಚುಚ್ಚುವ ಕವಿತೆ ಎಂದು ಓದಿದವರು ಬಹಳ. ಎರಡೂ ಕಡೆಯ ಮಾತು ಕವಿಗೆ ಅನ್ಯಾಯ ಮಾಡಿತು. 1977ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ‘ತೆರೆದ ಬಾಗಿಲು’ ಸಂಕಲನಕ್ಕೆ, ಮಲ್ಲಿಗೆಗಲ್ಲ.

ಕೇಳುಗರು ನೋವನ್ನು ಒಲ್ಲೆ ಎಂದರು ಎನ್ನುವುದೂ ಸರಿಯಲ್ಲ. ಅವರ ‘ದೀಪವು ನಿನ್ನದೆ’ ಬೆಳಕು ಆರದಿರಲಿ, ಬದುಕು ಮುಳುಗದಿರಲಿ ಎಂದು ಆತಂಕದಲ್ಲಿ ಬೇಡುವವರ ಗೀತೆ. ಆದರೂ ಸುಗಮ ಸಂಗೀತದ ಸಭೆಗಳಲ್ಲಿ ಅದಕ್ಕೆ ಸದಾ ಬೇಡಿಕೆ. ಮಧುರವಾದ ರಾಗ ಸಿಕ್ಕ ದುಃಖವನ್ನು ಜನ ಒಪ್ಪಿಕೊಂಡರು. ರಾಗಕ್ಕೆ ಒಗ್ಗದ, ಬಿರುಸಾದ ದುಃಖ ಪುಸ್ತಕದಲ್ಲೇ ಉಳಿಯಿತು.

ಇಂಥ ಬಿರುಸಾದ ದುಃಖಕ್ಕೆ ಅಮೆರಿಕದ ಕಂಟ್ರಿ ಗಾಯಕ ಜಾನಿ ಕ್ಯಾಶ್ ಅವರ ವಿಷಯದಲ್ಲಿ ಆದದ್ದು ಬೇರೆ. 1994ರಿಂದ ನಿರ್ಮಾಪಕ ರಿಕ್ ರೂಬಿನ್ ಜತೆ ಅವರು ಮಾಡಿದ ಆಲ್ಬಂಗಳಲ್ಲಿ ಸಾವು, ಪಶ್ಚಾತ್ತಾಪಗಳೇ ತುಂಬಿವೆ. 2002ರ ‘ಹರ್ಟ್’ ಗೀತೆಯಲ್ಲಂತೂ ದನಿ ನಡುಗುತ್ತದೆ. ಆ ನಡುಕವೇ ಹಾಡಿನ ಸತ್ಯವೆಂದು ಕೇಳುಗರು ಮೆಚ್ಚಿದರು. ಅವರಲ್ಲಿ ಹೊಸ ಪೀಳಿಗೆಯವರೂ ಇದ್ದರು. ವೃದ್ಧಾಪ್ಯದ ದನಿಯನ್ನು ಕೇಳುಗರಿಗೆ ಮುಟ್ಟಿಸಿದ್ದು ಧ್ವನಿಮುದ್ರಣ. ಕೆ.ಎಸ್.ನ. ಗಾಯಕರಲ್ಲ, ತಮ್ಮ ಮುಪ್ಪಿನ ಪದ್ಯಗಳಿಗೆ ಅವರು ಬೇರೆಯವರ ಕಂಠವನ್ನೇ ಕಾಯಬೇಕಿತ್ತು.

ಆ ಪದ್ಯಗಳಿಗೇನೂ ಕೊರತೆಯಿರಲಿಲ್ಲ. ಎಂಬತ್ತು ದಾಟಿದ ಮೇಲೂ ‘ಮೌನದಲಿ ಮಾತ ಹುಡುಕುತ್ತ’, ‘ಸಂಜೆ ಹಾಡು’, ‘ಕೈಮರದ ನೆಳಲಲ್ಲಿ’, ‘ಎದೆ ತುಂಬ ನಕ್ಷತ್ರ’ ಸಂಕಲನಗಳು ಒಂದರ ಹಿಂದೊಂದು ಬಂದವು. ಇವುಗಳ ನಿಧಾನ, ಒಂಟಿತನ, ತಗ್ಗಿದ ದನಿಯನ್ನು ಕಂಡ ಓದುಗರು ಸಣ್ಣ ಸಂಖ್ಯೆಯವರೇ ಆದರೂ ನಿಷ್ಠರು. ಒಲವಿನ ಕವಿ ಇಲ್ಲಿ ಬತ್ತಿಲ್ಲ, ಅದೇ ದಾಂಪತ್ಯವನ್ನು ಅದರ ಇಳಿಹೊತ್ತಿನಿಂದ ನೋಡುತ್ತಿದ್ದಾರೆ ಎಂಬುದು ಅವರ ವಾದ. ಆ ವಾದದಲ್ಲಿ ಹುರುಳಿದೆ. 2003ರ ಸೆಪ್ಟೆಂಬರ್‌ನಲ್ಲಿ ಕ್ಯಾಶ್ ತೀರಿಕೊಂಡರು, ಅದೇ ವರ್ಷದ ಡಿಸೆಂಬರ್‌ನಲ್ಲಿ ಕೆ.ಎಸ್.ನ. ಇಂದಿಗೂ ಸುಗಮ ಸಂಗೀತದ ವೇದಿಕೆಗಳಲ್ಲಿ ಮೊದಲು ಕೇಳಿಬರುವುದು ಮಲ್ಲಿಗೆಯ ಗೀತೆಗಳೇ. ಕೊನೆಯ ಸಂಕಲನಗಳಿಂದ ಆಯ್ದು ಹಾಡುವುದು ಅಪರೂಪ.