ಸಮನ್ಸ್ ಬಂದಾಗ ಮೊದಲು ತಾರೀಖು ನೋಡಿ

ಐರಣಿ ಕಡೆಯ ರೈತರು ರಾಣೇಬೆನ್ನೂರಿನ ಅಂಗಡಿಯಿಂದ ಬೀಜ, ಗೊಬ್ಬರ ಉದ್ರಿ ತರುವುದು, ಬ್ಯಾಡಗಿಯ ದಲಾಲರಿಂದ ಮೆಣಸಿನಕಾಯಿ ಮೇಲೆ ಮುಂಗಡ ಪಡೆಯುವುದು ಹೊಸದಲ್ಲ. ಬೆಳೆ ಕೈಕೊಟ್ಟ ವರ್ಷ ಬಾಕಿ ನಿಲ್ಲುತ್ತದೆ. ಒಂದು ದಿನ ಕೋರ್ಟಿನ ಬೇಲೀಫರು ಬಾಗಿಲಿಗೆ ಬರುತ್ತಾರೆ. ಅವರ ಕೈಯಲ್ಲಿರುವುದೇ ಸಮನ್ಸ್.

ಸಮನ್ಸ್ ಎಂದರೆ ಕೋರ್ಟಿನ ಕರೆ. ನಿಮ್ಮ ಮೇಲೆ ದಾವೆ ಬಿದ್ದಿದೆ, ಇಂಥ ದಿನ ಬಂದು ಉತ್ತರ ಕೊಡಿ ಎಂದಷ್ಟೇ ಅದರ ಅರ್ಥ. ವಕೀಲರ ನೋಟಿಸ್ ಬೇರೆ. ಅದು ದಾವೆಗೆ ಮುಂಚಿನ ಎಚ್ಚರಿಕೆ. ಸಮನ್ಸಿನಲ್ಲಿ ಕೋರ್ಟಿನ ಮೊಹರು, ದಾವೆ ನಂಬರು, ಹಾಜರಾಗುವ ತಾರೀಖು ಇರುತ್ತವೆ. ಜೊತೆಗೆ ವಾದಪತ್ರದ, ಅಂದರೆ ದಾವೆ ಹೂಡಿದವರು ಬರೆದುಕೊಟ್ಟ ಅರ್ಜಿಯ ನಕಲು ಇರಬೇಕು. ಇಲ್ಲದಿದ್ದರೆ ಕೇಳಿ ಪಡೆಯಿರಿ.

ಬೆಂಗಳೂರಿನಲ್ಲಿ ಸಣ್ಣ ಮೊತ್ತದ ದಾವೆಗಳಿಗೆಂದೇ ಲಘು ವ್ಯವಹಾರಗಳ ನ್ಯಾಯಾಲಯವಿದೆ. ನಮ್ಮಲ್ಲಿ ಅವನ್ನು ತಾಲ್ಲೂಕಿನ ಸಿವಿಲ್ ನ್ಯಾಯಾಧೀಶರೇ ನೋಡುತ್ತಾರೆ. 'ನಾನು ಐರಣಿಯವನು, ಬ್ಯಾಡಗಿ ಕೋರ್ಟಿಗೆ ಯಾಕೆ ಹೋಗಲಿ?' ಎನ್ನಬೇಡಿ. ವ್ಯವಹಾರ ಅಲ್ಲಿ ನಡೆದಿದ್ದರೆ ದಾವೆಯನ್ನೂ ಅಲ್ಲೇ ಹೂಡಬಹುದು.

ಸಹಿ ಮಾಡಿದರೆ ಸಾಲ ಒಪ್ಪಿದಂತೆಯೇ? ಖಂಡಿತ ಅಲ್ಲ. ಕಾಗದ ಮುಟ್ಟಿತು ಎಂಬುದಕ್ಕೆ ಮಾತ್ರ ಆ ಸಹಿ. ಹಾಗಾದರೆ ತೆಗೆದುಕೊಳ್ಳದೇ ಇದ್ದರಾಯಿತಲ್ಲ? ನಮ್ಮ ಕಡೆ ಬಹಳ ಜನ ಎಡವುವುದು ಇಲ್ಲಿಯೇ. ನಿರಾಕರಿಸಿದರೆ ಬೇಲೀಫರು ನಕಲನ್ನು ಬಾಗಿಲಿಗೆ ಅಂಟಿಸಿ ಕೋರ್ಟಿಗೆ ವರದಿ ಕೊಡುತ್ತಾರೆ. ರಿಜಿಸ್ಟರ್ಡ್ ಅಂಚೆಯನ್ನು ಹಿಂದಿರುಗಿಸಿದರೂ ಮುಟ್ಟಿದಂತೆಯೇ ಲೆಕ್ಕ. ನೀವು ಊರಲ್ಲಿಲ್ಲದಾಗ ಜೊತೆಗಿರುವ ವಯಸ್ಕ ಹೆಂಡತಿ, ಮಗ, ಮಗಳು ಯಾರ ಕೈಗಾದರೂ ಕೊಡಬಹುದು. ಆಳಿನ ಕೈಗೆ ಕೊಟ್ಟರೆ ಮಾತ್ರ ಆಗದು. ಆದ್ದರಿಂದ ಯಾವತ್ತು ಬಂತು ಎಂದು ಕಾಗದದ ಮೇಲೇ ಬರೆದಿಡಿ. ನಿಮ್ಮ ಗಡುವು ಆ ದಿನದಿಂದ ಶುರು.

ಉತ್ತರಕ್ಕೆ ಲಿಖಿತ ಹೇಳಿಕೆ ಎನ್ನುತ್ತಾರೆ. ಹಳಬರ ಬಾಯಲ್ಲಿ ಅದು ಕೈಫಿಯತ್ತು. ಸಮನ್ಸ್ ಮುಟ್ಟಿದ 30 ದಿನದೊಳಗೆ ಕೊಡಬೇಕು. ಕಾರಣ ತೋರಿಸಿ ಕೇಳಿದರೆ ಕೋರ್ಟು 90 ದಿನದವರೆಗೆ ಅವಕಾಶ ಕೊಡಬಹುದು. ಉತ್ತರ ಸಿದ್ಧವಿಲ್ಲದಿದ್ದರೂ ಮೊದಲ ತಾರೀಖಿಗೆ ಹಾಜರಾಗಿ ಸಮಯ ಕೇಳಿ.

ಬರೆಯುವಾಗ 'ಎಲ್ಲ ಸುಳ್ಳು' ಎಂದು ಒಂದೇ ಸಾಲಿನಲ್ಲಿ ಮುಗಿಸಬೇಡಿ. ಸ್ಪಷ್ಟವಾಗಿ ನಿರಾಕರಿಸದ ಮಾತನ್ನು ಒಪ್ಪಿದಿರಿ ಎಂದೇ ಕೋರ್ಟು ತಿಳಿಯಬಹುದು. ವಾದಪತ್ರದ ಒಂದೊಂದು ಪ್ಯಾರಾಕ್ಕೂ ಉತ್ತರ ಕೊಡಿ. 40,000 ರೂಪಾಯಿ ಕೇಳಿದ್ದು, ನೀವು 15,000 ಕಟ್ಟಿದ್ದರೆ ಹಾಗೆಯೇ ಬರೆದು ರಸೀದಿ, ಫೋನ್‌ಪೇ ವಿವರ ಲಗತ್ತಿಸಿ. ಎರಡು ಸಂಗತಿ ತಪ್ಪದೆ ನೋಡಿ. ಸಾಮಾನ್ಯವಾಗಿ ಕೊಟ್ಟ ಹಣದ ವಸೂಲಿಗೆ ಕಾಲಮಿತಿ 3 ವರ್ಷ. ಬಡ್ಡಿ ವ್ಯವಹಾರವನ್ನೇ ಕಸುಬಾಗಿ ನಡೆಸುವವರಿಗೆ ಕರ್ನಾಟಕದ 1961ರ ಲೇವಾದೇವಿದಾರರ ಕಾಯ್ದೆಯಂತೆ ಲೈಸೆನ್ಸ್ ಇರಬೇಕು. ಇಲ್ಲದಿದ್ದರೆ ಡಿಕ್ರಿ, ಅಂದರೆ ವಸೂಲಿಯ ತೀರ್ಪು ಸಿಗುವುದು ಕಷ್ಟ.

ಖರ್ಚೆಷ್ಟು? ಬರೀ ಉತ್ತರಕ್ಕೆ ಕೋರ್ಟ್ ಶುಲ್ಕವಿಲ್ಲ. ಎದುರಿನವರೇ ನಿಮಗೆ ಹಣ ಕೊಡಬೇಕೆಂದು ಪ್ರತಿದಾವೆ ಹಾಕಿದರೆ ಶುಲ್ಕ ಕಟ್ಟಬೇಕು. ವಕೀಲರನ್ನು ಇಟ್ಟರೆ ಅವರ ಫೀಸು, ವಕಾಲತ್ತಿನ ಸಣ್ಣ ಸ್ಟಾಂಪು. ನೀವೇ ನಿಂತು ಹೇಳಿಕೊಳ್ಳುವುದಕ್ಕೂ ಕಾನೂನಿನ ಅಡ್ಡಿಯಿಲ್ಲ. ಮಹಿಳೆಯರು, ಪರಿಶಿಷ್ಟ ಜಾತಿ–ಪಂಗಡದವರು, ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ವಕೀಲರ ನೆರವು ಉಚಿತ. ಉಳಿದ ಹೆಚ್ಚಿನವರಿಗೆ ಆದಾಯದ ಮಿತಿಯಿದೆ. ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಮುಂದಿನ ತಾರೀಖನ್ನು ಇ-ಕೋರ್ಟ್ಸ್ ಆ್ಯಪ್‌ನಲ್ಲಿ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಹಾಕಿ ನೋಡಬಹುದು.

ಹೋಗದೇ ಇದ್ದರೆ ಕೋರ್ಟು ನಿಮ್ಮನ್ನು ಎಕ್ಸ್‌ಪಾರ್ಟಿ ಇಡುತ್ತದೆ. ಅಂದರೆ ಒಂದೇ ಕಡೆಯವರ ಮಾತು ಕೇಳಿ ತೀರ್ಪು. ಆಗಲೂ ತಕ್ಕ ಕಾರಣವಿದ್ದರೆ ಡಿಕ್ರಿಯಾದ 30 ದಿನದೊಳಗೆ ರದ್ದತಿಗೆ ಅರ್ಜಿ ಹಾಕಬಹುದು. ಸಮನ್ಸ್ ಮುಟ್ಟಿರಲೇ ಇಲ್ಲವೆಂದಾದರೆ ಡಿಕ್ರಿಯ ವಿಷಯ ಗೊತ್ತಾದ ದಿನದಿಂದ ಎಣಿಕೆ. ಚೆಕ್ ಬೌನ್ಸ್ ಸಮನ್ಸ್ ಮಾತ್ರ ಕ್ರಿಮಿನಲ್ ಬಾಬತ್ತು. ಅದಕ್ಕೆ ತಪ್ಪಿಸಿದರೆ ವಾರಂಟ್ ಬರಬಹುದು.

ಬಾಕಿ ನಿಜವೇ ಆಗಿದ್ದರೆ ಲೋಕ ಅದಾಲತ್‌ನಲ್ಲಿ ರಾಜಿ ಕೇಳಿ. ವಾದಿ ಕಟ್ಟಿದ ಕೋರ್ಟ್ ಶುಲ್ಕ ವಾಪಸ್ ಬರುವುದರಿಂದ ಅವರೂ ಒಪ್ಪಿಯಾರು. ರಾಜಿಯಾಗದಿದ್ದರೆ, ತೀರ್ಪಿನ ಹೊತ್ತಿಗೇ ಕಂತಿನಲ್ಲಿ ಕಟ್ಟಲು ಅವಕಾಶ ಬೇಡಿ. ಡಿಕ್ರಿಯಾದ ಮೇಲೆ ಕೇಳಿದರೆ ಕಂತಿಗೆ ವಾದಿಯ ಒಪ್ಪಿಗೆಯೂ ಬೇಕಾಗುತ್ತದೆ.