ದಿಟ್ಟಿಸಿ ನೋಡದ ಊರು

ಮೂಗಿರಬೇಕಾದ ಜಾಗದಿಂದ ಭುಜದವರೆಗೆ ಆನೆಯ ಸೊಂಡಿಲಿನಂಥದ್ದೊಂದು ಇಳಿಬಿದ್ದಿದೆ. ಅದು ಅವನದೇ ಚರ್ಮ. ಕೊಳವೆಯಂತೆ ಸುತ್ತಿ ಹೊಲಿದಿದ್ದಾರೆ. ಕಿವಿಯ ಅಂಚು ಕರಗಿಹೋಗಿದೆ. ಬೆರಳುಗಳು ಒಳಕ್ಕೆ ಮಡಚಿಕೊಂಡಿವೆ. ಮೈಮೇಲೆ ಮಾತ್ರ ವಾಯುಪಡೆಯ ನೀಲಿ ಸಮವಸ್ತ್ರ, ಇಸ್ತ್ರಿಯ ಗೆರೆ ಕೆಡದ ಹಾಗೆ. ಇಪ್ಪತ್ತು ದಾಟಿಯೋ ದಾಟದೆಯೋ ಇದ್ದ ಇಂಥ ಹುಡುಗರು ಮೂರ್ನಾಲ್ಕು ಜನ ಸೇರಿ ಪೇಟೆಬೀದಿಯಲ್ಲಿ ನಡೆದು ಹೋಗುತ್ತಿದ್ದರು. ಸಿನಿಮಾ ನೋಡುತ್ತಿದ್ದರು, ಪಬ್ಬಿನಲ್ಲಿ ಕೂತು ಹರಟುತ್ತಿದ್ದರು. ಎದುರಾದವರು ನಿಂತು ನೋಡುತ್ತಿರಲಿಲ್ಲ, ಮುಖ ತಿರುಗಿಸಿಕೊಳ್ಳುತ್ತಲೂ ಇರಲಿಲ್ಲ. ಊರಿನವರಿಗೆ ಮಾಡುವಂತೆಯೇ ಇವರಿಗೂ ಒಂದು ನಮಸ್ಕಾರ ಹೇಳಿ ತಮ್ಮ ದಾರಿ ಹಿಡಿಯುತ್ತಿದ್ದರು.

ಊರಿನ ಹೆಸರು ಈಸ್ಟ್ ಗ್ರಿನ್‌ಸ್ಟೆಡ್. ಇಂಗ್ಲೆಂಡಿನ ಸಸೆಕ್ಸ್ ಪ್ರಾಂತ್ಯದಲ್ಲಿ, ಲಂಡನ್ನಿನಿಂದ ದಕ್ಷಿಣಕ್ಕೆ ಸುಮಾರು 43 ಕಿಲೋಮೀಟರ್ ದೂರದಲ್ಲಿರುವ ಸಣ್ಣ ಪೇಟೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅದಕ್ಕೆ ‘ದಿಟ್ಟಿಸಿ ನೋಡದ ಊರು’ ಎಂಬ ಹೆಸರು ಅಂಟಿಕೊಂಡಿತು. ಆ ಊರಿನ ಜನ ಹುಟ್ಟಾ ಸಂಭಾವಿತರಾಗಿದ್ದರಿಂದ ಬಂದ ಹೆಸರಲ್ಲ ಅದು. ಒಬ್ಬ ಶಸ್ತ್ರಚಿಕಿತ್ಸಕರು ಹಟ ಹಿಡಿದು ಕಲಿಸಿದ್ದು, ಊರು ದಿನದಿನವೂ ರೂಢಿಸಿಕೊಂಡದ್ದು.

ಎದೆಯ ಮುಂದೆ ಪೆಟ್ರೋಲು

ಹರಿಕೇನ್ ಮತ್ತು ಸ್ಪಿಟ್‌ಫೈರ್ ವಿಮಾನಗಳು ಇಂದು ಏರ್ ಷೋಗಳಲ್ಲಿ ‘ವಿಂಟೇಜ್’ ಎನ್ನಿಸಿಕೊಂಡು ಹಾರುತ್ತವೆ; ಜನ ಕತ್ತೆತ್ತಿ ಚಪ್ಪಾಳೆ ತಟ್ಟುತ್ತಾರೆ. ಭಾರತೀಯ ವಾಯುಪಡೆಯೂ ಬರ್ಮಾ ರಂಗದಲ್ಲಿ ಹರಿಕೇನ್ ಹಾರಿಸಿತ್ತು. ಅಂಥದೊಂದು ವಿಮಾನ ದೆಹಲಿಯ ಪಾಲಂನಲ್ಲಿರುವ ವಾಯುಪಡೆಯ ಸಂಗ್ರಹಾಲಯದಲ್ಲಿದೆ. ನೋಡಲು ಚೆಂದ. ಆದರೆ ಎರಡರಲ್ಲೂ ಪೈಲಟ್‌ನ ಎದುರಿಗೇ, ಮೀಟರುಗಳ ಫಲಕದ ಆಚೆ, ಪೆಟ್ರೋಲ್ ಟ್ಯಾಂಕ್ ಇತ್ತು. ಹರಿಕೇನ್‌ಗೆ ಅದು ಸಾಲದೆಂಬಂತೆ ಎರಡೂ ರೆಕ್ಕೆಗಳ ಬುಡದಲ್ಲಿ ಇನ್ನೊಂದೊಂದು ಟ್ಯಾಂಕು. ಗುಂಡು ತಾಗಿದರೆ ಬೆಂಕಿ ಕಾಕ್‌ಪಿಟ್ಟಿನೊಳಕ್ಕೇ ನುಗ್ಗುತ್ತಿತ್ತು. ಪಟ್ಟಿ ಬಿಚ್ಚಿ, ಮೇಲಿನ ಗಾಜಿನ ಮುಚ್ಚಳ ಸರಿಸಿ, ಹೊರಗೆ ಹಾರುವುದಕ್ಕೆ ಹಿಡಿಯುವ ಆ ಕೆಲವೇ ಸೆಕೆಂಡುಗಳಲ್ಲಿ ಮುಖ ಮತ್ತು ಕೈ ಬೆಂದುಹೋಗುತ್ತಿದ್ದವು.

1940ರ ಆಗಸ್ಟ್ 12ರಂದು ಜೆಫ್ರಿ ಪೇಜ್‌ಗೆ ಆದದ್ದು ಇದೇ. ವಯಸ್ಸು 20. ಕೆಂಟ್ ಕರಾವಳಿಯಾಚೆ ಜರ್ಮನ್ ಬಾಂಬರುಗಳ ಹಿಂಡಿನ ಮೇಲೆ ಎರಗಿದಾಗ ಅವನ ಹರಿಕೇನ್‌ನ ಟ್ಯಾಂಕಿಗೆ ಗುಂಡು ಬಿತ್ತು. ಕೈಗೆ ಗವಸು ಹಾಕಿರಲಿಲ್ಲ. ಚರ್ಮ ಸುಲಿದ ಬೆರಳುಗಳಲ್ಲೇ ಪ್ಯಾರಾಚೂಟಿನ ಹಗ್ಗ ಎಳೆದು ಸಮುದ್ರಕ್ಕೆ ಬಿದ್ದ. ಮೂರು ವಾರ ಕಳೆದು, ಸೆಪ್ಟೆಂಬರ್ 3ರಂದು, ರಿಚರ್ಡ್ ಹಿಲರಿ ಎಂಬ ಸ್ಪಿಟ್‌ಫೈರ್ ಪೈಲಟ್ ಹೀಗೇ ಸುಟ್ಟುಕೊಂಡು ಕಡಲಿಗೆ ಬಿದ್ದ. ಇಬ್ಬರನ್ನೂ ದಡ ಸೇರಿಸಿದ್ದು ಮಾರ್ಗೇಟ್ ಊರಿನ ಜೀವರಕ್ಷಕ ದೋಣಿಯವರು.

ಆ ಕಾಲದಲ್ಲಿ ಸುಟ್ಟ ಗಾಯಕ್ಕೆ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಹಚ್ಚುತ್ತಿದ್ದುದು ಟ್ಯಾನಿಕ್ ಆಮ್ಲ. ಚರ್ಮ ಹದ ಮಾಡುವವರು ತೊಗಲಿಗೆ ಹಾಕುವ ಒಗರಿನ ಪದಾರ್ಥವೇ ಇದು. ಗಾಯದ ಮೇಲೆ ಚಕ್ಕಳದಂಥ ಪದರ ಕಟ್ಟಿಕೊಳ್ಳುತ್ತಿತ್ತು. ಹೊಟ್ಟೆಯ ಮೇಲೋ ಬೆನ್ನಿನ ಮೇಲೋ ಆದರೆ ಹೇಗೋ ನಡೆಯುತ್ತಿತ್ತು. ಮುಖ ಮತ್ತು ಕೈಗೆ ಹಚ್ಚಿದಾಗ ಅನಾಹುತವಾಗುತ್ತಿತ್ತು. ಪದರ ಬಿಗಿದಂತೆ ಬೆರಳುಗಳು ಒಳಕ್ಕೆ ಸೆಳೆದುಕೊಳ್ಳುತ್ತಿದ್ದವು. ರೆಪ್ಪೆಗಳು ಹಿಂದಕ್ಕೆ ಜಗ್ಗಿ ಕಣ್ಣು ಮುಚ್ಚಲಾಗದೆ ದೃಷ್ಟಿಯೇ ಅಪಾಯಕ್ಕೆ ಸಿಕ್ಕುತ್ತಿತ್ತು.

ಇದನ್ನು ಕಂಡು ಸಿಡಿದವರು ಆರ್ಚಿಬಾಲ್ಡ್ ಮ್ಯಾಕಿಂಡೋ. 1900ರಲ್ಲಿ ನ್ಯೂಜಿಲೆಂಡಿನ ಡುನೆಡಿನ್‌ನಲ್ಲಿ ಹುಟ್ಟಿದವರು, ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಪಳಗಿದವರು. ಯುದ್ಧ ಶುರುವಾದಾಗ ಬ್ರಿಟನ್ನಿನಲ್ಲಿ ಪೂರ್ಣಾವಧಿ ಪ್ಲಾಸ್ಟಿಕ್ ಸರ್ಜನ್ನರು ಇದ್ದದ್ದೇ ನಾಲ್ಕು ಮಂದಿ, ಅವರಲ್ಲಿ ಇವರೊಬ್ಬರು. ವಾಯುಪಡೆಯ ಸಲಹೆಗಾರರಾಗಿ 1939ರಲ್ಲಿ ಈಸ್ಟ್ ಗ್ರಿನ್‌ಸ್ಟೆಡ್‌ನ ಕ್ವೀನ್ ವಿಕ್ಟೋರಿಯಾ ಆಸ್ಪತ್ರೆಗೆ ಬಂದರು. ಒಂದು ಸಂಗತಿ ಅವರ ಗಮನಕ್ಕೆ ಬಿತ್ತು: ಉರಿಯುತ್ತ ಸಮುದ್ರಕ್ಕೆ ಬಿದ್ದವರ ಗಾಯ, ನೆಲಕ್ಕೆ ಬಿದ್ದವರ ಗಾಯಕ್ಕಿಂತ ಚೆನ್ನಾಗಿ ಮಾಯುತ್ತಿತ್ತು. ಹಾಗಾದರೆ ಉಪ್ಪುನೀರೇ ಮದ್ದು. ಬೆಚ್ಚಗಿನ ಉಪ್ಪುನೀರು ಸದಾ ಹರಿಯುತ್ತಿರುವ ತೊಟ್ಟಿಗಳನ್ನು ಮಾಡಿಸಿ ರೋಗಿಗಳನ್ನು ಅದರಲ್ಲಿ ಮಲಗಿಸಿದರು. ಮುಖ ಮತ್ತು ಕೈಗೆ ಟ್ಯಾನಿಕ್ ಆಮ್ಲ ಹಚ್ಚುವುದು ನಿಲ್ಲುವವರೆಗೆ ಅವರು ಸುಮ್ಮನಾಗಲಿಲ್ಲ.

ಶ್ರೀರಂಗಪಟ್ಟಣದ ನಂಟು

ಆ ಸೊಂಡಿಲಿನ ಕಥೆ ಹಿಡಿದು ಹಿಂದಕ್ಕೆ ಹೋದರೆ ದಾರಿ ನಮ್ಮ ಕಡೆಗೇ ಬರುತ್ತದೆ.

1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ನಲ್ಲಿ ಒಂದು ಪತ್ರ ಚಿತ್ರಸಮೇತ ಅಚ್ಚಾಯಿತು. ಕಾವಸ್‌ಜಿ ಎಂಬ ಮರಾಠ ರೈತ 1792ರ ಯುದ್ಧದಲ್ಲಿ ಇಂಗ್ಲಿಷ್ ಸೈನ್ಯಕ್ಕೆ ಎತ್ತು ಹೊಡೆಯುತ್ತಿದ್ದ. ಟಿಪ್ಪುವಿನ ಕಡೆಯವರ ಕೈಗೆ ಸಿಕ್ಕು ಮೂಗು ಮತ್ತು ಒಂದು ಕೈ ಕಳೆದುಕೊಂಡ. ಆ ಸ್ಥಿತಿಯಲ್ಲೇ ಶ್ರೀರಂಗಪಟ್ಟಣದ ಬಳಿ ಮುಂಬಯಿ ಸೈನ್ಯವನ್ನು ಸೇರಿದ. ವರ್ಷದ ಮೇಲೆ ಪುಣೆಯ ಬಳಿ ಇಟ್ಟಿಗೆ ಮಾಡುವ ಕುಲದ ಒಬ್ಬ ಕುಶಲಕರ್ಮಿ ಅವನಿಗೆ ಹೊಸ ಮೂಗು ಕೂರಿಸಿದ. ಮೇಣದ ಅಚ್ಚು ಮಾಡಿ, ಅದನ್ನು ಹಣೆಯ ಮೇಲೆ ಹರವಿ ಗೆರೆ ಎಳೆದು, ಅಷ್ಟು ಚರ್ಮ ಬಿಡಿಸಿ, ಹುಬ್ಬುಗಳ ನಡುವೆ ಒಂದು ಎಳೆಯನ್ನು ಮಾತ್ರ ಕತ್ತರಿಸದೆ ಉಳಿಸಿ ಕೆಳಕ್ಕೆ ತಿರುಗಿಸಿದ. ಸುಮಾರು 25ನೇ ದಿನಕ್ಕೆ ಆ ಎಳೆಯನ್ನೂ ಕತ್ತರಿಸಬಹುದು ಎಂದು ಪತ್ರದಲ್ಲಿತ್ತು.

ಮಾವಿನ ಕಸಿ ಕಟ್ಟುವುದನ್ನು ನೋಡಿದವರಿಗೆ ಇದರ ಗುಟ್ಟು ಹೇಳಬೇಕಿಲ್ಲ. ತಾಯಿಮರದ ಟೊಂಗೆಯನ್ನು ಕಡಿಯದೆ ಹಾಗೇ ಬಾಗಿಸಿ ಸಸಿಗೆ ಬಿಗಿದು, ಎರಡೂ ಬೆಸೆದುಕೊಂಡ ಮೇಲಷ್ಟೇ ಕತ್ತರಿಸುವ ಕಸಿ ಇದೆಯಲ್ಲ, ಇದೂ ಹಾಗೆಯೇ. ಹೊಸ ಜಾಗದಲ್ಲಿ ರಕ್ತ ಓಡುವವರೆಗೆ ಚರ್ಮಕ್ಕೆ ಹಳೆಯ ಜಾಗದ ರಕ್ತವೇ ಆಸರೆ. ಸುಶ್ರುತ ಸಂಹಿತೆಯಷ್ಟು ಹಳೆಯದಾದ ಈ ವಿದ್ಯೆಯ ವರದಿಯನ್ನು ಓದಿ ಜೋಸೆಫ್ ಕಾರ್ಪ್ಯೂ 1814ರಲ್ಲಿ ಲಂಡನ್ನಿನಲ್ಲಿ ಇದೇ ರೀತಿ ಮೂಗು ಕಟ್ಟಿದರು. ಮೊದಲ ಮಹಾಯುದ್ಧದಲ್ಲಿ, 1917ರಲ್ಲಿ, ಸುಟ್ಟ ನಾವಿಕನೊಬ್ಬನಿಗೆ ಚಿಕಿತ್ಸೆ ಮಾಡುತ್ತಿದ್ದ ಹೆರಾಲ್ಡ್ ಗಿಲೀಸ್ ಚರ್ಮದ ಪಟ್ಟಿಯ ಅಂಚುಗಳನ್ನು ಸೇರಿಸಿ ಕೊಳವೆಯಾಗಿ ಹೊಲಿದರು. ಒಳಗೆ ರಕ್ತ ಓಡಾಡಿತು, ಹೊರಗಿನಿಂದ ಸೋಂಕು ತಗಲುವುದು ತಪ್ಪಿತು. ಗಿಲೀಸರು ಮ್ಯಾಕಿಂಡೋಗೆ ದೂರದ ಸಂಬಂಧಿ. ಸೊಂಡಿಲು ಈಸ್ಟ್ ಗ್ರಿನ್‌ಸ್ಟೆಡ್‌ಗೆ ಬಂದದ್ದು ಆ ದಾರಿಯಿಂದ.

ಕೊಳವೆ ಒಂದೇ ಸಲಕ್ಕೆ ಮೂಗಾಗುವುದಿಲ್ಲ. ಹೊಟ್ಟೆಯಿಂದ ತೋಳಿಗೆ, ತೋಳಿನಿಂದ ಮುಖಕ್ಕೆ ಹೀಗೆ ಹಂತಹಂತವಾಗಿ ನಡೆಸಿಕೊಂಡು ಬರಬೇಕು. ಒಂದೊಂದು ಹಂತಕ್ಕೂ ವಾರಗಟ್ಟಲೆ ಕಾಯಬೇಕು. ಕೆಲವರಿಗೆ ಹತ್ತು, ಕೆಲವರಿಗೆ ಇಪ್ಪತ್ತು, ಇನ್ನು ಕೆಲವರಿಗೆ ಅದಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆ. ವರ್ಷಗಟ್ಟಲೆ ನಡೆಯುವ ಈ ಕೆಲಸದ ಮಧ್ಯೆ ಹುಡುಗರು ಎಲ್ಲಿರಬೇಕು, ಏನು ಮಾಡಬೇಕು? ಮ್ಯಾಕಿಂಡೋರ ತಲೆ ತಿಂದದ್ದು ಈ ಪ್ರಶ್ನೆ.

ಮೂರನೇ ವಾರ್ಡು

ಮೂರನೇ ವಾರ್ಡು ಎಂದರೆ ಆಸ್ಪತ್ರೆಯ ಹಿತ್ತಲಲ್ಲಿದ್ದ ಮರದ ಹಲಗೆಯ ಉದ್ದನೆ ಷೆಡ್ಡು. ಒಳಗೆ ಒಂದು ಪಿಯಾನೋ, ಒಂದು ಪೀಪಾಯಿ ಬಿಯರ್. ಅಧಿಕಾರಿಗಳಿಗೆ ಬೇರೆ, ಸಾಮಾನ್ಯ ದರ್ಜೆಯವರಿಗೆ ಬೇರೆ ಎಂಬ ಭೇದವಿಲ್ಲ. ಹಾಸಿಗೆ ಖಾಲಿ ಇದ್ದಲ್ಲಿ ಮಲಗು ಅಷ್ಟೆ. ಚೇತರಿಸಿಕೊಳ್ಳುತ್ತಿರುವ ಸೈನಿಕರು ತೊಡಬೇಕಿದ್ದ ನೀಲಿ ಆಸ್ಪತ್ರೆ ದಿರಿಸನ್ನು ಮ್ಯಾಕಿಂಡೋ ಒಪ್ಪಲಿಲ್ಲ. ಅವರವರ ಸಮವಸ್ತ್ರವನ್ನೇ ಹಾಕಿಕೊಳ್ಳಲಿ ಎಂದರು. ಇಷ್ಟಪಟ್ಟವರು ಶಸ್ತ್ರಚಿಕಿತ್ಸೆಯ ಕೋಣೆಗೆ ಬಂದು ಇನ್ನೊಬ್ಬನ ಮುಖ ರಿಪೇರಿಯಾಗುವುದನ್ನು ನಿಂತು ನೋಡಬಹುದಿತ್ತು. ನಾಳೆ ತನಗೆ ಆಗಲಿರುವುದು ಏನೆಂದು ಕಣ್ಣಾರೆ ಕಂಡರೆ ಅರ್ಧ ಭಯ ಹೋಗುತ್ತದೆ ಎಂಬ ಲೆಕ್ಕ.

90 ದಿನಗಳಲ್ಲಿ ಕೆಲಸಕ್ಕೆ ಮರಳದವರನ್ನು ಸೇವೆಯಿಂದ ಬಿಡಿಸಿ ಕಳಿಸುವ ನಿಯಮವೊಂದು ವಾಯುಪಡೆಯಲ್ಲಿತ್ತು. ಮುಖ ಕಟ್ಟುವುದಕ್ಕೇ ವರ್ಷಗಳು ಬೇಕಾದವರಿಗೆ ಇದೆಂಥ ನ್ಯಾಯ ಎಂದು ಮ್ಯಾಕಿಂಡೋ ಮೇಲಧಿಕಾರಿಗಳೊಂದಿಗೆ ಜಗಳಕ್ಕೆ ನಿಂತರು, ಗೆದ್ದರು. ಚಿಕಿತ್ಸೆ ಮುಗಿಯುವವರೆಗೆ ಸಂಬಳ ನಿಲ್ಲಲಿಲ್ಲ. ಎರಡು ಶಸ್ತ್ರಚಿಕಿತ್ಸೆಗಳ ನಡುವಿನ ಬಿಡುವಿನಲ್ಲಿ ಕೈ ಸುಮ್ಮನಿರದಿರಲೆಂದು ವಿಮಾನದ ಉಪಕರಣ ಮಾಡುವ ಕಾರ್ಯಾಗಾರವೊಂದು ಆಸ್ಪತ್ರೆಯಲ್ಲೇ ತೆರೆಯಿತು.

ಅವರು ಮಾಡಿದ್ದೆಲ್ಲವೂ ಇಂದಿನ ಕಣ್ಣಿಗೆ ಸರಿ ಕಾಣಲಾರದು. ಹುಡುಗರ ಉತ್ಸಾಹಕ್ಕೆಂದು ಚೆಲುವೆಯರಾದ ನರ್ಸುಗಳನ್ನೇ ಹುಡುಕಿ ತಂದರು ಎಂಬುದು ಎಲ್ಲರಿಗೂ ಗೊತ್ತಿದ್ದ ಮಾತು. ಆ ಹೆಣ್ಣುಮಕ್ಕಳ ಕಷ್ಟವೇನೆಂದು ಆಗ ಯಾರೂ ಹೆಚ್ಚು ಕೇಳಿದಂತಿಲ್ಲ.

ಊರಿಗೆ ಹೇಳಿದ ಪಾಠ

ವಾರ್ಡಿನೊಳಗೆ ಎಲ್ಲರ ಮುಖವೂ ಒಂದೇ ಬಗೆ. ಗೇಟು ದಾಟಿದ ಮೇಲೆ? ಮ್ಯಾಕಿಂಡೋ ಊರಿನವರನ್ನು ಕಂಡು ಮಾತಾಡಿದರು. ಈ ಹುಡುಗರು ಬೀದಿಗೆ ಬರುತ್ತಾರೆ. ಇವರನ್ನು ಅಯ್ಯೋ ಪಾಪ ಎನ್ನಬೇಡಿ, ಕಂಡೂ ಕಾಣದಂತೆ ಹೋಗಬೇಡಿ, ಕಣ್ಣಿಗೆ ಕಣ್ಣಿಟ್ಟು ಮಾತಾಡಿಸಿ, ಮನೆಗೆ ಕರೆಯಿರಿ ಎಂದು ಕೇಳಿಕೊಂಡರು. ಅವರ ಪ್ರಕಾರ ಇದೂ ಚಿಕಿತ್ಸೆಯದೇ ಒಂದು ಹಂತ. ಹೊಲಿಗೆ ನಾವು ಹಾಕುತ್ತೇವೆ, ಉಳಿದದ್ದು ನಿಮ್ಮ ಕೈಯಲ್ಲಿದೆ ಎಂಬ ಧಾಟಿ.

ಊರು ಕೇಳಿಸಿಕೊಂಡಿತು. ಮನೆಗಳು ಚಹಾಕ್ಕೆ ಕರೆದವು, ಊಟಕ್ಕೆ ಕರೆದವು, ಶಸ್ತ್ರಚಿಕಿತ್ಸೆಗಳ ನಡುವೆ ವಾರಗಟ್ಟಲೆ ಉಳಿಸಿಕೊಂಡವು. ನೆವಿಲ್ ಮತ್ತು ಎಲೇನ್ ಬ್ಲಾಂಡ್ ದಂಪತಿಯಂಥ ಸ್ಥಿತಿವಂತರು ಮನೆಬಾಗಿಲನ್ನೂ ಹಣದ ಚೀಲವನ್ನೂ ತೆರೆದರು. ಅವರ ನೆರವಿನ ಸಂಶೋಧನಾ ಕೇಂದ್ರವೊಂದು ಯುದ್ಧ ಮುಗಿದು ಎಷ್ಟೋ ವರ್ಷಗಳ ಮೇಲೆ, 1961ರಲ್ಲಿ, ಅದೇ ಊರಿನಲ್ಲಿ ಶುರುವಾಯಿತು. ಪೇಟೆಯ ವೈಟ್‌ಹಾಲ್ ಕಟ್ಟಡದಲ್ಲಿ ಸಿನಿಮಾ, ರೆಸ್ಟೋರೆಂಟ್ ಎರಡೂ ಇದ್ದವು. ಹುಡುಗರ ಅಡ್ಡಾ ಅದೇ.

1943ರ ಜುಲೈ 9, ಶುಕ್ರವಾರ ಸಂಜೆ, ಜರ್ಮನ್ ವಿಮಾನವೊಂದು ಆ ಸಿನಿಮಾ ಮಂದಿರದ ಮೇಲೆ ಬಾಂಬು ಹಾಕಿತು. ಸತ್ತವರು 108 ಮಂದಿ. ಅವರಲ್ಲಿ ಶಾಲೆ ಬಿಟ್ಟು ಕೌಬಾಯ್ ಸಿನಿಮಾ ನೋಡಲು ಕೂತಿದ್ದ ಮಕ್ಕಳು ಹಲವರು. ಗಾಯಾಳುಗಳು ಬಂದದ್ದು ಕ್ವೀನ್ ವಿಕ್ಟೋರಿಯಾ ಆಸ್ಪತ್ರೆಗೇ. ಅಲ್ಲಿಯವರೆಗೆ ಊರು ಆಸ್ಪತ್ರೆಯ ಹುಡುಗರನ್ನು ನೋಡಿಕೊಂಡಿತ್ತು. ಅಂದಿನಿಂದ ಆಸ್ಪತ್ರೆ ಊರನ್ನು ನೋಡಿಕೊಂಡಿತು.

ಪ್ರಯೋಗಪಶುಗಳ ಸಂಘ

ಇಷ್ಟೆಲ್ಲಕ್ಕೂ ಒಂದು ಹೆಸರು ಸಿಕ್ಕಿದ್ದು ಅದಕ್ಕೂ ಎರಡು ವರ್ಷ ಮೊದಲು. 1941ರ ಜುಲೈ 20, ಭಾನುವಾರ. ಹಿಂದಿನ ರಾತ್ರಿಯ ಕುಡಿತದ ತಲೆಭಾರ ಇಳಿಯದ ಕೆಲವರು ಒಂದು ಬಾಟಲಿ ಶೆರಿ ಸುತ್ತ ಕೂತು, ನಾವೊಂದು ಸಂಘ ಮಾಡಿಕೊಳ್ಳೋಣ ಎಂದರು. ತಮ್ಮ ಮೇಲೆ ನಡೆಯುತ್ತಿರುವುದು ಬಹುಪಾಲು ಪ್ರಯೋಗವೇ ಎಂದು ಅವರಿಗೆ ಗೊತ್ತಿತ್ತು. ನಾವು ‘ಪ್ರಯೋಗಪಶು’ ಎನ್ನುವ ಕಡೆ ಇಂಗ್ಲಿಷರು ‘ಗಿನಿಪಿಗ್’ ಎನ್ನುತ್ತಾರೆ. ಸಂಘಕ್ಕೆ ‘ಗಿನಿಪಿಗ್ ಕ್ಲಬ್’ ಎಂದೇ ಹೆಸರಿಟ್ಟರು. ಅಧ್ಯಕ್ಷರು ಮ್ಯಾಕಿಂಡೋ. ಕಾರ್ಯದರ್ಶಿಯಾಗಿ ಬೆರಳು ಸುಟ್ಟವನನ್ನು ಆರಿಸಿದರು, ಉದ್ದುದ್ದ ನಡಾವಳಿ ಬರೆಯಲಾರನೆಂದು. ಖಜಾಂಚಿಯಾಗಿ ಕಾಲು ಸುಟ್ಟವನನ್ನು, ಹಣ ಹಿಡಿದುಕೊಂಡು ಓಡಲಾರನೆಂದು.

ಸದಸ್ಯತ್ವದಲ್ಲಿ ಮೂರು ವರ್ಗ. ಕತ್ತಿಗೆ ಮೈಯೊಡ್ಡಿದ ವಿಮಾನ ಸಿಬ್ಬಂದಿ ‘ಗಿನಿಪಿಗ್‌ಗಳು’. ವೈದ್ಯರು ‘ವಿಜ್ಞಾನಿಗಳು’. ನೆರವಾದ ಗೆಳೆಯರು, ಉಪಕಾರಿಗಳಿಗೆ ‘ಗಿನಿಪಿಗ್‌ಗಳ ಮೇಲಿನ ಕ್ರೌರ್ಯ ತಡೆಯುವ ರಾಯಲ್ ಸೊಸೈಟಿ’ ಎಂಬ ಬಿರುದು. ತಮಾಷೆಯೇ ಸರಿ. ಆದರೆ ಆಸ್ಪತ್ರೆಯ ಹೊರಗಿನವರಿಗೂ ಸಂಘದ ಕಟ್ಟಳೆಯಲ್ಲೇ ಜಾಗವಿತ್ತು ಎಂಬುದು ತಮಾಷೆಯಲ್ಲ.

ಯುದ್ಧ ಮುಗಿದರೆ ಮುಚ್ಚಿಬಿಡೋಣ ಎಂದುಕೊಂಡಿದ್ದ ಸಂಘದಲ್ಲಿ ಯುದ್ಧ ಮುಗಿಯುವ ಹೊತ್ತಿಗೆ 649 ಸದಸ್ಯರಿದ್ದರು. ಬ್ರಿಟಿಷರ ಜೊತೆಗೆ ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಪೋಲೆಂಡ್, ಜೆಕೊಸ್ಲೊವಾಕಿಯಾದವರೂ ಇದ್ದರು. ಮೊದಲು ಬಂದವರು ಫೈಟರ್ ಪೈಲಟ್‌ಗಳು. ಆಮೇಲೆ ಬಂದವರಲ್ಲಿ ಬಾಂಬರ್ ಸಿಬ್ಬಂದಿಯೇ ಹೆಚ್ಚು. ಮುಚ್ಚುವ ಮಾತು ಬಿದ್ದುಹೋಯಿತು. ಪಿಂಚಣಿಗಾಗಿ ಹೋರಾಟ, ಕೆಲಸ ಕೊಡಿಸುವುದು, ಕೈಸಾಲ ಇವೆಲ್ಲ ಸಂಘದ ಹೆಗಲಿಗೆ ಬಂದವು.

ಎಲ್ಲರ ಕಥೆಯೂ ಸುಖಾಂತವಲ್ಲ. ಅನುಭವಗಳನ್ನು 1942ರಲ್ಲಿ ಪುಸ್ತಕವಾಗಿಸಿ ಹೆಸರಾದ ರಿಚರ್ಡ್ ಹಿಲರಿ, ಕೈ ಸರಿಯಾಗಿ ಹಿಡಿತಕ್ಕೆ ಬಾರದಿದ್ದರೂ ಹಟ ಹಿಡಿದು ಹಾರಾಟಕ್ಕೆ ಮರಳಿ, 1943ರ ಜನವರಿಯಲ್ಲಿ ತರಬೇತಿ ವಿಮಾನ ಬಿದ್ದು ತೀರಿಕೊಂಡ. ಪೇಜ್ ಕೂಡ ಹಾರಾಟಕ್ಕೆ ಮರಳಿದ, ಯುದ್ಧ ಮುಗಿಸಿ ಬದುಕಿಯೂ ಉಳಿದ. 1993ರಲ್ಲಿ ಕೆಂಟ್ ಕರಾವಳಿಯ ಬಂಡೆಯ ಮೇಲೆ 1940ರ ವಾಯುಸಮರದ ನೆನಪಿನ ಬ್ಯಾಟಲ್ ಆಫ್ ಬ್ರಿಟನ್ ಸ್ಮಾರಕ ಎದ್ದು ನಿಂತದ್ದು ಅವನ ಓಡಾಟದಿಂದ. ಬಿದ್ದ ವೆಲಿಂಗ್ಟನ್ ಬಾಂಬರ್‌ನೊಳಕ್ಕೆ ಜೊತೆಯವನನ್ನು ಉಳಿಸಲು ಮತ್ತೆ ನುಗ್ಗಿ ಮುಖವನ್ನೇ ಕಳೆದುಕೊಂಡ ಬಿಲ್ ಫಾಕ್ಸ್‌ಲಿ 1969ರ ‘ಬ್ಯಾಟಲ್ ಆಫ್ ಬ್ರಿಟನ್’ ಸಿನಿಮಾದಲ್ಲಿ ತನ್ನದೇ ಮುಖ ಹೊತ್ತು ಕಾಣಿಸಿಕೊಂಡ.

1947ರಲ್ಲಿ ಮ್ಯಾಕಿಂಡೋಗೆ ‘ಸರ್’ ಪದವಿ ಬಂತು. 1960ರಲ್ಲಿ ತೀರಿಕೊಂಡಾಗ ಅವರ ಚಿತಾಭಸ್ಮವನ್ನು ಲಂಡನ್ನಿನಲ್ಲಿರುವ ವಾಯುಪಡೆಯ ಚರ್ಚಿನಲ್ಲಿಟ್ಟರು. ಸೈನಿಕರಲ್ಲದವರಿಗೆ ಅಪರೂಪದ ಗೌರವ ಅದು. ಸಂಘದ ಅಧ್ಯಕ್ಷತೆ ರಾಜಕುಮಾರ ಫಿಲಿಪ್‌ರಿಗೆ ಹೋಯಿತು. ವರ್ಷಕ್ಕೊಮ್ಮೆ ಈಸ್ಟ್ ಗ್ರಿನ್‌ಸ್ಟೆಡ್‌ನಲ್ಲಿ ಸೇರುವ ಪದ್ಧತಿ 2007ರವರೆಗೆ ನಡೆಯಿತು. ಅಷ್ಟರಲ್ಲಿ ಪ್ರಯಾಣ ಮಾಡಬಲ್ಲವರೇ ಕೆಲವರಾಗಿದ್ದರು.

2014ರ ಜೂನ್ 9ರಂದು ಊರಿನ ಪೇಟೆಬೀದಿಯಾದ ಹೈ ಸ್ಟ್ರೀಟಿನಲ್ಲಿ ರಾಜಕುಮಾರಿ ಆ್ಯನ್ ಒಂದು ಕಂಚಿನ ಪ್ರತಿಮೆಯನ್ನು ಅನಾವರಣ ಮಾಡಿದರು. ಶಿಲ್ಪಿ ಮಾರ್ಟಿನ್ ಜೆನ್ನಿಂಗ್ಸ್. ಅವರ ತಂದೆಯೂ ಯುದ್ಧದಲ್ಲಿ ಗಾಯಗೊಂಡು ಮ್ಯಾಕಿಂಡೋ ಕೈಯಲ್ಲಿ ಚಿಕಿತ್ಸೆ ಪಡೆದವರು. ಪ್ರತಿಮೆಯಲ್ಲಿ ಸುಟ್ಟ ಕೈಗಳ ಪೈಲಟ್ ಕುಳಿತು ಮುಖವೆತ್ತಿ ನೋಡುತ್ತಿದ್ದಾನೆ. ಹಿಂದೆ ನಿಂತ ವೈದ್ಯರ ಎರಡೂ ಕೈ ಅವನ ಹೆಗಲ ಮೇಲಿವೆ. ಊರಿನವರ ಪಾಲನ್ನು ಶಿಲ್ಪಿ ಕಂಚಿನಲ್ಲಿ ಎರೆಯಲಿಲ್ಲ. ಪ್ರತಿಮೆಯ ಸುತ್ತ ಒಂದು ಕಲ್ಲಿನ ಬೆಂಚು ಕಟ್ಟಿಸಿದರು. ದಾರಿಹೋಕರು ಯಾರು ಬೇಕಾದರೂ ಬಂದು ಅವನ ಪಕ್ಕದಲ್ಲಿ ಕೂರಬಹುದು.